ಗೋಣಿಸೊಪ್ಪು ಗುರುತು ಸಿಕ್ಕಿತು

ಹಿತ್ತಲಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳನ್ನು ಒಂದೊಂದಾಗಿ ಗುರುತು ಹಿಡಿಯಲು ಕಲಿಯುತ್ತಿದ್ದೇನೆ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಆಯಿತು. ಈ ತಿಂಗಳು ಗೋಣಿಸೊಪ್ಪು. ಕೆಲವು ಕಡೆ ಗೋಳಿ ಸೊಪ್ಪು ಅಂತಾರೆ.

ಮೊದಲ ವಾರ: ಬದನೆ ಪಾತಿಯ ಅಂಚಲ್ಲಿ ನೆಲಕ್ಕೆ ಅಂಟಿಕೊಂಡು ಹರಡಿದ್ದನ್ನೆಲ್ಲ ಕಿತ್ತು ತಂದೆ. ಅತ್ತೆ ಮೊರದಲ್ಲಿ ಹರವಿ ನೋಡಿದವರೇ ಎರಡು ಗಿಡ ಎತ್ತಿ ಪಕ್ಕಕ್ಕಿಟ್ಟರು. "ಇದಲ್ಲ ಕಣಮ್ಮ, ಮುರಿದು ನೋಡು" ಅಂದರು. ಮುರಿದೆ. ಬಿಳಿ ಹಾಲು ಒಸರಿತು. ಅದು ತಿನ್ನುವ ಗಿಡವಲ್ಲ, ಹಾಲು ಚರ್ಮಕ್ಕೂ ಉರಿ. ನಿಜವಾದ ಗೋಣಿಸೊಪ್ಪು ಮುರಿದರೆ ಬರೀ ನೀರು. ಅವತ್ತು ಹೆದರಿಕೆ ಆಯಿತು. ಈಗ ಪ್ರತಿ ಗಿಡವನ್ನೂ ಮುರಿದು ನೋಡಿಯೇ ಬುಟ್ಟಿಗೆ ಹಾಕುತ್ತೇನೆ.

ಎರಡೂ ಗಿಡ ಪಕ್ಕಪಕ್ಕ ಇಟ್ಟು ನೋಡಿದೆ. ಗೋಣಿಸೊಪ್ಪಿನ ದಂಟು ದಪ್ಪ, ನುಣುಪು, ಕೆಂಪು ಛಾಯೆ. ಕೂದಲಿಲ್ಲ. ಎಲೆ ಪುಟ್ಟ ಚಮಚದ ಹಾಗೆ, ತುದಿ ಅಗಲ, ಬುಡ ಸಣ್ಣ. ಒತ್ತಿದರೆ ರಸ ತುಂಬಿರುವುದು ಬೆರಳಿಗೇ ಗೊತ್ತಾಗುತ್ತದೆ. ಹಾಲಿನ ಗಿಡದ ದಂಟು ದಾರದಂತೆ ತೆಳು, ಎಲೆಯಲ್ಲಿ ಈ ದಪ್ಪ ಇಲ್ಲ.

ಎರಡನೇ ವಾರ: ಹೂವಿಗಾಗಿ ಕಾದೆ. ಬಿಸಿಲು ಏರಿದ ಮೇಲೆ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಪುಟ್ಟ ಹಳದಿ ಹೂವು, ಐದು ಎಸಳು. ಹೂವು ತಿಳಿಗುಲಾಬಿ ಇದ್ದರೆ ಅದು ಬೇರೆ ಗಿಡ. ಕಾಯಿ ಇನ್ನೂ ಚೆಂದ: ಮಾಗಿದಾಗ ಕರಡಿಗೆಯ ಮುಚ್ಚಳದಂತೆ ಮೇಲ್ಭಾಗ ಕಳಚುತ್ತದೆ. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ.

ಮೂರನೇ ವಾರ: ಒಂದು ಪಾತಿಗೆ ನಾಲ್ಕು ದಿನ ನೀರು ಬಿಡಲಿಲ್ಲ. ಆಮೇಲೆ ಬೆಳಗ್ಗೆ ಒಂದೆಲೆ, ಸಂಜೆ ಒಂದೆಲೆ ತಿಂದೆ. ಬೆಳಗಿನದು ಜಾಸ್ತಿ ಹುಳಿ! ನೀರಿನ ಕೊರತೆ ಆದಾಗ ಈ ಗಿಡ ರಾತ್ರಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮ್ಯಾಲಿಕ್ ಆಮ್ಲ ಎಂಬ ಹುಳಿಯಾಗಿ ಎಲೆಯಲ್ಲಿ ಕೂಡಿಡುತ್ತದೆ, ಹಗಲಲ್ಲಿ ಅದನ್ನೇ ಬಳಸಿಕೊಳ್ಳುತ್ತದೆ. ಓದಿದ್ದು ನಾಲಿಗೆಗೂ ತಿಳಿಯಿತಲ್ಲ, ಅದು ತುಂಬಾ ಖುಷಿ ಕೊಟ್ಟಿತು.

ಕಿತ್ತ ಗಿಡವನ್ನು ಪಾತಿಯಲ್ಲೇ ಬಿಡಬಾರದು. ದಂಟಿನ ತುಂಡು ಒದ್ದೆ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ.

ಈ ವಾರ: ಬೆಳಗ್ಗೆಯೇ ಕಿತ್ತು, ಮಣ್ಣು ಹೋಗುವಂತೆ ಮೂರು ಸಲ ತೊಳೆದು, ತೊಗರಿಬೇಳೆ ಜೊತೆ ಬೇಯಿಸಿದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಹುಣಸೆಹಣ್ಣು ಬೇಕಾಗಲೇ ಇಲ್ಲ. ಬಿಸಿ ಮುದ್ದೆಗೆ ಎಷ್ಟು ಚೆನ್ನಾಗಿತ್ತು ಅಂದರೆ ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ಮಾವನಿಗೆ ಮಾತ್ರ ಬಡಿಸಲಿಲ್ಲ. ಅವರಿಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು, ಈ ಸೊಪ್ಪಿನಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ರಸ್ತೆ ಬದಿಯದ್ದು, ಕಳೆನಾಶಕ ಹೊಡೆದ ಹೊಲದ್ದು ಯಾರಿಗೂ ಬೇಡ.

ಬೀಜಕ್ಕೆ ಅಂತ ಮೂಲೆಯಲ್ಲಿ ಎರಡು ಗಿಡ ಬಿಟ್ಟಿದ್ದೇನೆ. ಮುಂದಿನ ವಾರದಿಂದ ಕೊಮ್ಮೆ ಸೊಪ್ಪು.