ಐದು ಪ್ರಶ್ನೆ ಕೇಳಿದರೆ ಐದಕ್ಕೂ ಉತ್ತರ: ವೆಂಡರ್ ಮೇಲ್ ನಮೂನೆಯ ಕೆಲಸ ಎಲ್ಲಿಗೆ ಬಂತು

ಶೀಟ್‌ಮೆಟಲ್ ಭಾಗಗಳನ್ನು ಜಿಂಕ್ ಪ್ಲೇಟಿಂಗ್‌ಗೆ (ತುಕ್ಕು ತಡೆಯಲು ಉಕ್ಕಿನ ಮೇಲೆ ವಿದ್ಯುತ್ತಿನಿಂದ ಕೂರಿಸುವ ಸತುವಿನ ತೆಳು ಲೇಪನ) ಹೊರಗೆ ಕಳಿಸುವ ಪರ್ಚೇಸ್ ವಿಭಾಗಕ್ಕೆ ಒಂದು ಮೇಲ್ ನಮೂನೆ ಸಿದ್ಧಮಾಡುವುದು ಈ ಕೆಲಸ. ಪೀಣ್ಯ, ಬೊಮ್ಮಸಂದ್ರದ ಕಡೆಯ ಸಣ್ಣ ಕಾರ್ಖಾನೆಗಳು ಪ್ಲೇಟಿಂಗನ್ನು ಸಾಮಾನ್ಯವಾಗಿ ಜಾಬ್ ವರ್ಕ್‌ಗೆ ಕೊಡುತ್ತವೆ. ಮಾಲು ಗಾಡಿ ಹತ್ತುವ ಮುಂಚೆ ದರ, ಲೇಪನದ ದಪ್ಪ (ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಟೆಸ್ಟ್ ರಿಪೋರ್ಟ್, ದಿನ, ಕಾಗದಪತ್ರ ಎಲ್ಲವೂ ಖಚಿತವಾಗಿರಬೇಕು. ಆದರೆ ಹೋಗುವ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ:

“ನಮಸ್ಕಾರ ಸರ್, ಮುಂದಿನ ಲಾಟ್ ಬ್ರ್ಯಾಕೆಟ್ ಕಳಿಸಬೇಕೆಂದಿದ್ದೇವೆ. ರೇಟ್ ಹಳೆಯದೇ ಇರುತ್ತದೆಯೋ ಬದಲಾಗಿದೆಯೋ, 8 ಮೈಕ್ರಾನ್ ಕೊಡಬಹುದೇ, ಸಾಲ್ಟ್ ಸ್ಪ್ರೇ ರಿಪೋರ್ಟ್ ಸಿಗುತ್ತದೆಯೇ, ಎಷ್ಟು ದಿನ ಬೇಕು ತಿಳಿಸಿ. ಉದ್ಯಮ್ ಸರ್ಟಿಫಿಕೇಟ್ ಕೂಡ ಕಳಿಸಿ.”

ಬರುವ ಉತ್ತರ: “ಓಕೆ ಸರ್. ಮೆಟೀರಿಯಲ್ ಕಳಿಸಿ, 3 ದಿನದಲ್ಲಿ ಕೊಡ್ತೇವೆ.”

ಉತ್ತರ ಸಿಕ್ಕಿದ್ದು ಒಂದಕ್ಕೆ. ‘ಓಕೆ’ ದರಕ್ಕೋ ದಪ್ಪಕ್ಕೋ ರಿಪೋರ್ಟಿಗೋ ಹೇಳಲು ಬರುವುದಿಲ್ಲ. ಇದನ್ನು ಎದುರಿನವರ ಅಸಡ್ಡೆ ಎಂದು ತೀರ್ಮಾನಿಸುವುದು ಅನ್ಯಾಯ. ಮೇಲ್ ಓದುವವರು ಟ್ಯಾಂಕಿನ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಾರೆ. ದರ ಗೊತ್ತಿರುವುದು ಮಾಲೀಕರಿಗೆ, ರಿಪೋರ್ಟ್ ವಿಷಯ ಲ್ಯಾಬ್‌ನವರಿಗೆ, ಉದ್ಯಮ್ ಕಾಗದ (ಸಣ್ಣ ಉದ್ಯಮವೆಂಬ ಸರ್ಕಾರಿ ನೋಂದಣಿ ಪತ್ರ) ಇರುವುದು ಅಕೌಂಟ್ಸ್‌ನಲ್ಲಿ. ಓದಿದವರು ತಮಗೆ ಆ ಕ್ಷಣಕ್ಕೆ ಗೊತ್ತಿದ್ದನ್ನು ಬರೆದು ಕಳಿಸುತ್ತಾರೆ. ಕಳಿಸಿದ ಕೂಡಲೇ ಅವರ ಲೆಕ್ಕದಲ್ಲಿ ಆ ಮೇಲ್ ಮುಗಿಯಿತು. ಹಾಗಾಗಿ ಬಾಕಿ ಉಳಿದ ಪ್ರಶ್ನೆ ನಮಗಿಂತ ಮೊದಲು ಅವರ ಕಣ್ಣಿಗೇ ಬೀಳುವ ಹಾಗೆ ಮೇಲ್ ಬರೆಯಬೇಕು. ನಮೂನೆಯಲ್ಲಿ ಮಾಡಿದ ಬದಲಾವಣೆಗಳೆಲ್ಲ ಇದಕ್ಕಾಗಿಯೇ.

ಮೊದಲ ಬದಲಾವಣೆ: ಸಂಖ್ಯೆ

ಪ್ಯಾರಾ ಒಡೆದು ಸಾಲಿಗೊಂದು ಪ್ರಶ್ನೆ ಇಟ್ಟದ್ದು ಸುಲಭದ ಭಾಗ. ತೊಡಕು ಬಂದದ್ದು ಜಿಮೇಲ್, ಔಟ್‌ಲುಕ್‌ಗಳು ತಾವೇ ಹಾಕುವ ಸಂಖ್ಯೆಯಿಂದ. ಉತ್ತರಿಸುವವರು ಒಂದನೇ ಪ್ರಶ್ನೆಯ ಕೊನೆಗೆ ಬಂದು ಎಂಟರ್ ಒತ್ತಿದರೆ ಅವರ ಉತ್ತರವೇ 2ನೇ ಅಂಶವಾಗುತ್ತದೆ, ಕೆಳಗಿನ ಪ್ರಶ್ನೆಗಳ ಸಂಖ್ಯೆಯೆಲ್ಲ ಜಾರುತ್ತದೆ. ಆಮೇಲೆ ಫೋನಿನಲ್ಲಿ “ನಿಮ್ಮ ಮೂರನೇ ಪ್ರಶ್ನೆ” ಎಂದು ಅವರು ಹೇಳಿದರೆ ಇಬ್ಬರ ಪರದೆಯಲ್ಲೂ ಬೇರೆ ಬೇರೆ ಪ್ರಶ್ನೆ ಇರುತ್ತದೆ. ಈಗ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡುತ್ತೇವೆ: ‘ಪ್ರ1’, ಅದರ ಕೆಳಗೆ ಖಾಲಿ ಬಿಟ್ಟ ‘ಉ1:’. ವಾಟ್ಸ್ಆ್ಯಪ್‌ಗೆ ಕಾಪಿ ಮಾಡಿದರೂ ಇದು ಹಾಗೇ ಉಳಿಯುತ್ತದೆ. ಮೇಲ್‌ಗೆ ವಾಟ್ಸ್ಆ್ಯಪ್‌ನಲ್ಲಿ ಉತ್ತರಿಸುವವರು ಕಡಿಮೆಯಿಲ್ಲ, ಅವರನ್ನು ಬಿಟ್ಟು ನಮೂನೆ ಮಾಡುವಂತಿಲ್ಲ.

ಟೇಬಲ್ ಕೂಡ ನೋಡಿದ್ದಾಯಿತು. ಕಂಪ್ಯೂಟರಿನಲ್ಲಿ ಚೆಂದ, ಮೊಬೈಲಿನಲ್ಲಿ ಕೋಶದೊಳಗೆ ಟೈಪ್ ಮಾಡುವುದು ಕಷ್ಟ. ಕೈಬಿಟ್ಟೆವು.

ಎರಡನೆಯದು: ಪ್ರಶ್ನೆಯ ಮಾತು

ಹೆಚ್ಚು ಹೊತ್ತು ಹಿಡಿದದ್ದೂ ಹೆಚ್ಚು ಫಲ ಕೊಟ್ಟದ್ದೂ ಇದೇ. ‘ಹಳೆಯದೋ ಹೊಸದೋ’ ಎಂದು ಕೇಳಿದರೆ ‘ಹೌದು ಸರ್’ ಬರುತ್ತದೆ. ಬದಲಿಗೆ “ಈಗಿನ ದರ ಕೆಜಿಗೆ ₹____” ಎಂದು ಬಿಟ್ಟರೆ ಅಂಕಿ ಬರುತ್ತದೆ.

“8 ಮೈಕ್ರಾನ್ ಕೊಡಬಹುದೇ” ಎಂಬುದಕ್ಕೆ ಎಲ್ಲರೂ ‘ಕೊಡಬಹುದು’ ಎನ್ನುತ್ತಾರೆ, ಸುಳ್ಳೂ ಅಲ್ಲ. ಬ್ರ್ಯಾಕೆಟ್‌ನ ಹೊರ ಅಂಚಿನಲ್ಲಿ ವಿದ್ಯುತ್ ಹರಿವು ಹೆಚ್ಚು, ಲೇಪನ ದಪ್ಪ ಕೂರುತ್ತದೆ. ಒಳಮೂಲೆಯಲ್ಲಿ ಹರಿವು ಕಡಿಮೆ, ಲೇಪನ ತೆಳು. ಅಂಚಿನಲ್ಲಿ ಅಳೆದು 8 ತೋರಿಸುವುದು ಕಷ್ಟವೇನಲ್ಲ. ಆದ್ದರಿಂದ ಪ್ರಶ್ನೆ ಹೀಗಾಯಿತು: “ಡ್ರಾಯಿಂಗ್‌ನಲ್ಲಿ ‘ಎ’ ಎಂದು ಗುರುತಿಸಿದ ಒಳಮೂಲೆಯಲ್ಲಿ ಕನಿಷ್ಠ ದಪ್ಪ ಎಷ್ಟು ಮೈಕ್ರಾನ್?”

ಸಾಲ್ಟ್ ಸ್ಪ್ರೇಯದೂ ಇದೇ ಕಥೆ. ಇದು ಭಾಗವನ್ನು ಉಪ್ಪುನೀರಿನ ತುಂತುರಿನಲ್ಲಿಟ್ಟು ಎಷ್ಟು ಗಂಟೆಗೆ ತುಕ್ಕು ಬರುತ್ತದೆಂದು ನೋಡುವ ಪರೀಕ್ಷೆ. ಬಿಳಿ ತುಕ್ಕು ಎಂದರೆ ಜಿಂಕ್ ತಿಂದುಹೋಗುತ್ತಿದೆ, ಕೆಂಪು ತುಕ್ಕು ಎಂದರೆ ಕೆಳಗಿನ ಉಕ್ಕಿಗೇ ತಾಗಿತು. ಮೊದಲನೆಯದು ಬೇಗ, ಎರಡನೆಯದು ತಡ. “96 ಗಂಟೆ ಬರುತ್ತದೆಯೇ” ಎಂದಷ್ಟೇ ಕೇಳಿದರೆ ಯಾವ ತುಕ್ಕು ಎಂದು ಉತ್ತರಿಸುವವರೇ ಆರಿಸಿಕೊಳ್ಳುತ್ತಾರೆ. ಈಗ ಐಎಸ್‌ಒ 9227 (ಈ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಎಂದು ನಮೂದಿಸಿ, ಬಿಳಿ ತುಕ್ಕಿಗೆ ಒಂದು ಖಾಲಿ ಜಾಗ, ಕೆಂಪು ತುಕ್ಕಿಗೆ ಇನ್ನೊಂದು ಖಾಲಿ ಜಾಗ ಬಿಡುತ್ತೇವೆ.

ಕಾರಣ ಹೇಳಿದರೆ ಉತ್ತರ ಬರುವ ಪ್ರಶ್ನೆಗಳೂ ಇವೆ. ಉದ್ಯಮ್ ಸರ್ಟಿಫಿಕೇಟ್ ಸುಮ್ಮನೆ ಕೇಳಿದರೆ ‘ಕಳಿಸ್ತೀವಿ’ಯಲ್ಲೇ ನಿಲ್ಲುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಎಂಎಸ್‌ಎಂಇ ಕಾಯಿದೆಯ ಗಡುವಿನೊಳಗೆ ಹಣ ಕೊಡದಿದ್ದರೆ, ಆದಾಯ ತೆರಿಗೆ ಕಾನೂನಿನ ಪ್ರಕಾರ (1961ರ ಕಾಯಿದೆಯಲ್ಲಿ ಇದು 43ಬಿ(ಎಚ್)) ಆ ಖರ್ಚು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಲೆಕ್ಕಕ್ಕೆ ಬರುತ್ತದೆ ಎಂಬ ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ ಇದೆ. ಲಿಖಿತ ಒಪ್ಪಂದವಿದ್ದರೂ ಆ ಗಡುವು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. “ಉದ್ಯಮ್ ಇದ್ದರೆ ನಿಮ್ಮ ಬಿಲ್ 45 ದಿನದೊಳಗೆ ಪಾಸ್ ಮಾಡುವ ಪಟ್ಟಿಗೆ ಹೋಗುತ್ತದೆ” ಎಂದು ಒಂದು ಸಾಲು ಸೇರಿಸಿದ ಮೇಲೆ ಅದು ಬೇಗ ಬರತೊಡಗಿತು.

ಅಟ್ಯಾಚ್‌ಮೆಂಟ್ ಕೇಳುವ ಪ್ರಶ್ನೆಯನ್ನು ಪ್ರತ್ಯೇಕ ಮೇಲ್‌ಗೆ ಹಾಕಿದೆವು. ಮೊಬೈಲ್‌ನಲ್ಲಿ ಪಿಡಿಎಫ್ ಇಲ್ಲದವರು “ಆಫೀಸಿಗೆ ಹೋಗಿ ನೋಡೋಣ” ಎಂದು ಇಡೀ ಮೇಲ್ ಮುಂದೂಡುತ್ತಾರೆ, ಆ ಒಂದು ಕಾಗದಕ್ಕಾಗಿ ಉಳಿದ ನಾಲ್ಕು ಉತ್ತರ ನಿಲ್ಲುತ್ತದೆ.

ಈಗಿನ ನಮೂನೆ

ವಿಷಯದ ಸಾಲು: ಗುರುವಾರ ಸಂಜೆ 4ರೊಳಗೆ – ಬ್ರ್ಯಾಕೆಟ್ ಜಿಂಕ್ ಪ್ಲೇಟಿಂಗ್ – 5 ಪ್ರಶ್ನೆ

ಪ್ರ1 (ಮಾಲೀಕರಿಗೆ). ಈಗಿನ ದರ, ಜಿಎಸ್‌ಟಿ ಬಿಟ್ಟು, ಕೆಜಿಗೆ?
ಉ1: ₹
ಪ್ರ2 (ಪ್ರೊಡಕ್ಷನ್). ಒಳಮೂಲೆ ‘ಎ’ಯಲ್ಲಿ ಕನಿಷ್ಠ ದಪ್ಪ?
ಉ2: ____ ಮೈಕ್ರಾನ್
ಪ್ರ3 (ಲ್ಯಾಬ್). ಸಾಲ್ಟ್ ಸ್ಪ್ರೇ, ಐಎಸ್‌ಒ 9227?
ಉ3: ಬಿಳಿ ತುಕ್ಕು ____ ಗಂಟೆ, ಕೆಂಪು ತುಕ್ಕು ____ ಗಂಟೆ
ಪ್ರ4 (ಪ್ರೊಡಕ್ಷನ್). ಮಾಲು ತಲುಪಿದ ಮೇಲೆ ಎಷ್ಟು ಕೆಲಸದ ದಿನ?
ಉ4:
ಪ್ರ5 (ಅಕೌಂಟ್ಸ್). ಚಲನ್ ಮೇಲೆ ಯಾವ ಘಟಕದ ವಿಳಾಸ?
ಉ5:
ಈಗಲೇ ಗೊತ್ತಿಲ್ಲದಿದ್ದರೆ ಆ ಜಾಗದಲ್ಲಿ ‘____ರಂದು ಹೇಳುತ್ತೇವೆ’ ಎಂದು ಬರೆದರೆ ಸಾಕು.

ಕೊನೆಯ ಸಾಲನ್ನು ಬಿಡಬಾರದು. ಅದಿಲ್ಲದಿದ್ದರೆ ಒಂದು ಉತ್ತರ ಗೊತ್ತಿಲ್ಲ ಎಂದು ಇಡೀ ಮೇಲ್ ತಡೆದುಕೊಳ್ಳುತ್ತಾರೆ, ಇಲ್ಲವೇ ಅಂದಾಜಿನ ಅಂಕಿ ತುಂಬುತ್ತಾರೆ. ಅಂದಾಜಿನ ಅಂಕಿ ಖಾಲಿ ಜಾಗಕ್ಕಿಂತ ಕೆಟ್ಟದ್ದು. ಗೂಗಲ್ ಫಾರ್ಮ್ ಒಲ್ಲೆ ಎಂದದ್ದೂ ಇದೇ ಕಾರಣಕ್ಕೆ: ಪ್ರಶ್ನೆ ಕಡ್ಡಾಯ ಮಾಡಿದರೆ ಜನ ಒಂದು ಗೆರೆ ಎಳೆದು ಮುಂದೆ ಹೋಗುತ್ತಾರೆ. ಫೈಲ್ ಸೇರಿಸಬೇಕೆಂದರೆ ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರಬೇಕು. ಆಡಿಟ್‌ಗೆ ಬೇಕಾದ ಪತ್ರವ್ಯವಹಾರ ಒಂದೇ ಮೇಲ್ ಸರಣಿಯಲ್ಲಿ ಉಳಿಯುವುದೂ ಇಲ್ಲ.

ಐದು ದಾಟಿದರೆ ಮೇಲ್ ಒಡೆಯುತ್ತೇವೆ, ವಿಷಯವಾರು ಅಲ್ಲ, ಉತ್ತರಿಸುವ ಮನುಷ್ಯರ ಪ್ರಕಾರ.

ನೆನಪಿಸುವ ಮೇಲ್

ಹಳೆಯ ಸರಣಿಯಲ್ಲೇ ಕಳಿಸಬೇಕು. ವಿಷಯದ ಸಾಲು ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಸಂಭಾಷಣೆ ಮಾಡುತ್ತದೆ, ಬಂದ ಉತ್ತರಗಳು ಒಂದು ಕಡೆ, ಬಾಕಿ ಇನ್ನೊಂದು ಕಡೆ. ಬರೆಯುವುದು ಇಷ್ಟೇ: “ಬಂದಿರುವುದು 1, 2, 4, ಧನ್ಯವಾದ. ಬಾಕಿ 3, 5.” ಕೆಳಗೆ ಆ ಎರಡು ಪ್ರಶ್ನೆ ಮಾತ್ರ, ಮೊದಲಿನ ಸಂಖ್ಯೆಯಲ್ಲೇ. ಪ್ರ3ನ್ನು ಪ್ರ1 ಮಾಡಿದರೆ ಗೊಂದಲ ಮತ್ತೆ ಹುಟ್ಟುತ್ತದೆ. ಫೋನಿನಲ್ಲಿ ಉತ್ತರ ಸಿಕ್ಕರೆ ಅದೇ ಸರಣಿಗೆ “ಫೋನಿನಲ್ಲಿ ತಿಳಿಸಿದಂತೆ ಉ3: … ತಪ್ಪಿದ್ದರೆ ತಿದ್ದಿ” ಎಂದು ನಾವೇ ಬರೆಯುತ್ತೇವೆ.

“ಉತ್ತರ ಬರದಿದ್ದರೆ ಹಳೆಯ ದರವೇ ಎಂದು ಪಿಒ (ಖರೀದಿ ಆದೇಶ) ಮಾಡುತ್ತೇವೆ” ಎಂಬ ಸಾಲು ದರಕ್ಕೂ ದಿನಕ್ಕೂ ನಡೆಯುತ್ತದೆ. ಗುಣಮಟ್ಟಕ್ಕೆ ಎಂದಿಗೂ ಬೇಡ. 12.9 ದರ್ಜೆಯ ಬೋಲ್ಟ್‌ನಂಥ ಗಟ್ಟಿ ಉಕ್ಕಿಗೆ ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕಿಂಗ್ (ಓವನ್ನಿನಲ್ಲಿ ಕಾಯಿಸುವುದು) ಮಾಡದಿದ್ದರೆ ಒಳಗೆ ಉಳಿದ ಹೈಡ್ರೋಜನ್‌ನಿಂದ ಬೋಲ್ಟ್ ಲೋಡ್ ಬಿದ್ದ ಮೇಲೆ ತುಂಡಾಗಬಹುದು. ಅಂಥ ಭಾಗಗಳ ಬೇಕಿಂಗ್ ಪ್ರಶ್ನೆಗೆ ಉತ್ತರವಿಲ್ಲದೆ ಮಾಲು ಹೊರಡಬಾರದು, ಗಾಡಿ ಕಾದರೂ ಸರಿ.

ಲೆಕ್ಕದ ಶೀಟ್

ಮೇಲ್‌ಗೊಂದು ಸಾಲಲ್ಲ, ಪ್ರಶ್ನೆಗೊಂದು ಸಾಲು: ಪಾರ್ಟಿ (ವೆಂಡರ್), ಕಳಿಸಿದ ದಿನ, ಪ್ರಶ್ನೆ ಸಂಖ್ಯೆ, ಸ್ಥಿತಿ. ಸ್ಥಿತಿಗೆ ‘ಬಂತು’, ‘ಅರ್ಧ’, ‘ಇಲ್ಲ’ ಎಂಬ ಮೂರೇ ಆಯ್ಕೆ. ಕೌಂಟಿಫ್ಸ್ (COUNTIFS) ಸೂತ್ರದಿಂದ ಪ್ರಶ್ನೆವಾರು ಎಣಿಕೆ ಸಿಗುತ್ತದೆ. ಒಬ್ಬ ಪಾರ್ಟಿಯ ಉತ್ತರ ಮಾತ್ರ ‘ಅರ್ಧ’ ಆಗಿದ್ದರೆ ಅವರೊಂದಿಗೆ ಮಾತಾಡಬೇಕು. ಎಲ್ಲ ಪಾರ್ಟಿಗಳಿಗೂ ಅದೇ ಪ್ರಶ್ನೆ ‘ಅರ್ಧ’ ಆಗುತ್ತಿದ್ದರೆ ಪ್ರಶ್ನೆಯ ಮಾತನ್ನೇ ತಿದ್ದಬೇಕು. ಸಾಲ್ಟ್ ಸ್ಪ್ರೇ ಪ್ರಶ್ನೆಯ ದೋಷ ಸಿಕ್ಕಿದ್ದು ಹೀಗೆ.

ಬಾಕಿ ಕೆಲಸ

ಕಂಪನಿಯೊಳಗಿನ ಮೇಲ್‌ಗಳಿಗೆ ಔಟ್‌ಲುಕ್‌ನ ವೋಟಿಂಗ್ ಬಟನ್ (ಒತ್ತಿ ಉತ್ತರ ಆರಿಸುವ ಗುಂಡಿ) ಹೊಂದಿಸುತ್ತಿದ್ದೇವೆ. ಆಯ್ಕೆಗಳ ನಡುವೆ ಅರ್ಧವಿರಾಮ (;) ಹಾಕಿ ನಮ್ಮದೇ ಬಟನ್ ಮಾಡಬಹುದು, ಆದರೆ ಮೇಲ್‌ಗೆ ಒಂದೇ ಪ್ರಶ್ನೆ. ಹೊರಗಿನ ಜಿಮೇಲ್ ವಿಳಾಸಗಳಿಗೆ ಉಪಯೋಗವಿಲ್ಲ. ಡೀವಿಯೇಷನ್ (ಡ್ರಾಯಿಂಗ್‌ಗಿಂತ ಸ್ವಲ್ಪ ಬೇರೆಯಾದ ಮಾಲು) ಒಪ್ಪಿಗೆಯಂಥ ಒಂದೇ ಮಾತಿನ ನಿರ್ಧಾರಗಳಿಗೆ ಸರಿಹೋಗುತ್ತದೆ. ಪೌಡರ್ ಕೋಟಿಂಗ್‌ನವರಿಗೆ ಬೇರೆ ಪ್ರಶ್ನೆಪಟ್ಟಿ ಬೇಕು. ಅದರಲ್ಲಿ ಶೇಡ್, ಹೊಳಪು, ಮಾಸ್ಕಿಂಗ್ ಮಾಡಬೇಕಾದ (ಬಣ್ಣ ಹೋಗದಂತೆ ಮುಚ್ಚಬೇಕಾದ) ರಂಧ್ರಗಳು ಇಷ್ಟು ಬರೆದಾಗಿದೆ, ಕ್ಯೂರಿಂಗ್‌ನ (ಪುಡಿ ಬಣ್ಣವನ್ನು ಓವನ್ನಿನಲ್ಲಿ ಕಾಯಿಸಿ ಗಟ್ಟಿಮಾಡುವುದು) ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಇನ್ನೂ ತಿದ್ದುತ್ತಿದ್ದೇವೆ: ಓವನ್ನಿನ ತಾಪಮಾನ ಕೇಳಿದರೆ ಗಾಳಿಯ ತಾಪ ಹೇಳುತ್ತಾರೆ, ನಮಗೆ ಬೇಕಿರುವುದು ಲೋಹದ್ದು.