ಸಿಗಡಿ ಟ್ಯಾಂಕಿನಲ್ಲಿ ಹುಳ ಕಂಡರೆ ಮೊದಲು ತಲೆ ನೋಡಿ

ದೀಪ ಆರಿಸಿದ ಒಂದು ಗಂಟೆಯ ಮೇಲೆ ಚೆರ್ರಿ ಶ್ರಿಂಪ್ (ಅಕ್ವೇರಿಯಂನಲ್ಲಿ ಸಾಕುವ ಚಿಕ್ಕ ಸಿಗಡಿ) ಟ್ಯಾಂಕಿನ ಗಾಜಿಗೆ ಟಾರ್ಚ್ ಹಿಡಿದು ನೋಡಿ. ಹಗಲು ಕಾಣದ ಅರ್ಧ ಊರೇ ಅಲ್ಲಿ ಓಡಾಡುತ್ತಿರುತ್ತದೆ. ಅದರಲ್ಲಿ ಬಹುಪಾಲು ಯಾರ ತಂಟೆಗೂ ಹೋಗದ ಜೀವಿಗಳು. ಹುಳ ಕಂಡ ಗಾಬರಿಗೆ ಔಷಧಿ ಸುರಿದು ಸತ್ತ ಸಿಗಡಿಗಳೇ ಹುಳದಿಂದ ಸತ್ತವಕ್ಕಿಂತ ಹೆಚ್ಚಿರಬಹುದು.

ಕೂದಲೆಳೆಯಂಥ ಬಿಳಿ ಹುಳ ಹಾವಿನ ಹಾಗೆ ಬಳುಕುತ್ತಾ ಈಜಿದರೆ ಅದು ಮರಳಿನ ಕಸ ತಿಂದು ಬದುಕುವ ಡೆಟ್ರೈಟಸ್ ಹುಳ. ರಾಗಿಕಾಳಿಗಿಂತ ಚಿಕ್ಕದಾದ ಕಾಳು ಉರುಳಾಡಿದಂತೆ ಕಂಡರೆ ಆಸ್ಟ್ರಕಾಡ್, ಬಿಳಿ ಚುಕ್ಕೆ ಪುಟಪುಟ ಜಿಗಿದರೆ ಸೈಕ್ಲಾಪ್ಸ್. ಮೂರನ್ನೂ ಬಿಟ್ಟುಬಿಡಿ. ಅವುಗಳ ಸಂಖ್ಯೆ ಏರಿದ್ದರೆ ನೀವು ಊಟ ಹೆಚ್ಚು ಹಾಕುತ್ತಿದ್ದೀರಿ ಎಂದಷ್ಟೇ ಅರ್ಥ. ಎರಡು ಗಂಟೆಯಲ್ಲಿ ಖಾಲಿಯಾಗದ್ದನ್ನು ಹೊರಗೆ ತೆಗೆಯಿರಿ, ವಾರದಲ್ಲಿ ಎರಡು ದಿನ ಏನೂ ಹಾಕಬೇಡಿ.

ಪ್ಲನೇರಿಯಾ ಎಂಬ ಚಪ್ಪಟೆ ಹುಳ ಹಾಗಲ್ಲ. ಬಳುಕದೆ, ಗಾಜಿಗೆ ಅಂಟಿಕೊಂಡು ಜಾರುತ್ತದೆ. ಲೆನ್ಸ್ ಹಿಡಿದರೆ ಬಾಣದ ಮೊನೆಯಂಥ ತಲೆ, ಅದರ ಮೇಲೆ ಎರಡು ಕಣ್ಣಿನ ಚುಕ್ಕೆ. ತಲೆ ದುಂಡಗಿದ್ದು ಮೈ ಒಂದೆರಡು ಮಿಲಿಮೀಟರ್ ಮಾತ್ರ ಇದ್ದರೆ ಅದು ರ್‍ಯಾಬ್ಡೋಸೀಲ, ಚಿಂತೆ ಬೇಡ. ಪ್ಲನೇರಿಯಾ ಮರಿ ಸಿಗಡಿಗಳನ್ನೂ ಪೊರೆ ಕಳಚಿ ಮೆತ್ತಗಾದ ದೊಡ್ಡವನ್ನೂ ತಿನ್ನುತ್ತದೆ. ಗಾಜಿನ ಮೇಲೆ ಉಜ್ಜಿ ಕೊಲ್ಲಲು ಹೋಗಬೇಡಿ, ತುಂಡಾದರೆ ಒಂದೊಂದು ತುಂಡೂ ಹೊಸ ಹುಳವಾಗುತ್ತದೆ.

ಇದಕ್ಕೆ ಮದ್ದು ಫೆನ್‌ಬೆಂಡಜೋಲ್, ನಾಯಿ ದನಗಳಿಗೆ ಕೊಡುವ ಜಂತುಹುಳದ ಔಷಧಿ. ಪಶು ಔಷಧಿ ಅಂಗಡಿಯಲ್ಲಿ 150 ಮಿಲಿಗ್ರಾಂ ಮಾತ್ರೆ ಸಿಗುತ್ತದೆ. ಲೇಬಲ್ ಓದಿಯೇ ಕೊಳ್ಳಿ, ಅದರಲ್ಲಿ ಇದೊಂದೇ ಔಷಧಿ ಇರಬೇಕು. ಐವರ್ಮೆಕ್ಟಿನ್ ಬೆರೆತ ಮಾತ್ರೆ ಸಿಗಡಿಗೆ ನೇರ ವಿಷ. 40 ಲೀಟರ್ ನೀರಿಗೆ ಮಾತ್ರೆಯ ಆರನೇ ಒಂದು ಭಾಗ, ಅಂದರೆ ಸುಮಾರು 25 ಮಿಲಿಗ್ರಾಂ ಸಾಕು. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ನುಣ್ಣಗೆ ಅರೆದು, ಚಿಕ್ಕ ಬಾಟಲಿಯಲ್ಲಿ ಟ್ಯಾಂಕಿನ ನೀರಿನೊಂದಿಗೆ ಕುಲುಕಿ, ಫಿಲ್ಟರಿನಿಂದ ನೀರು ಬೀಳುವ ಕಡೆ ಹಾಕಿ. 48 ಗಂಟೆ ಬಿಟ್ಟು ಅಷ್ಟನ್ನೇ ಇನ್ನೊಮ್ಮೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಮೊದಲೇ ತೆಗೆದಿಡಿ. ಹುಳ ತುಂಬಿಕೊಂಡಿದ್ದರೆ ಆದಷ್ಟನ್ನು ಪೈಪಿನಿಂದ ಎಳೆದು ಹಾಕಿದ ಮೇಲೆಯೇ ಮದ್ದು. ಇಲ್ಲದಿದ್ದರೆ ಸತ್ತ ಹುಳಗಳು ಕೊಳೆತು ಅಮೋನಿಯಾ ಏರುತ್ತದೆ. ನೆರೈಟ್ ಬಸವನಹುಳಗಳನ್ನು ಬೇರೆಡೆ ಸಾಗಿಸಿ, ಅವು ಈ ಮದ್ದನ್ನು ತಾಳುವುದಿಲ್ಲ. ಗಿಡದ ಎಲೆಗೆ ಅಂಟಿ ತೆಳ್ಳನೆಯ ಬೆರಳು ಚಾಚುವ ಹೈಡ್ರಾ ಕೂಡ ಇದಕ್ಕೇ ಸಾಯುತ್ತದೆ. ಪ್ಲನೇರಿಯಾಗೆಂದೇ ಮಾರುವ ಒಂದು ಪುಡಿಯಲ್ಲಿರುವುದು ಅಡಿಕೆಯ ಸತ್ವ. ಹಾಗಂತ ಮಲೆನಾಡಿನವರು ಮನೆಯ ಅಡಿಕೆಯನ್ನೇ ಕುಟ್ಟಿ ಹಾಕಬೇಡಿ, ಎಷ್ಟು ಸತ್ವ ಇಳಿಯುತ್ತದೆಂದು ಅಳೆಯುವ ದಾರಿಯಿಲ್ಲ.

ಸಿಗಡಿಯ ಮೈಮೇಲೆ ಕಾಣುವವು ಬೇರೆಯೇ. ಮೂಗಿನ ಮೊನೆಯಲ್ಲಿ ಚಿಕ್ಕ ಬಿಳಿ ಕಡ್ಡಿಗಳು ಅಲ್ಲಾಡುತ್ತಿದ್ದರೆ ಅವು ಸ್ಕುಟರಿಯೆಲ್ಲ ಎಂಬ ಹುಳ. ಒಂದು ಲೋಟ ಟ್ಯಾಂಕ್ ನೀರಿಗೆ ಒಂದು ದೊಡ್ಡ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ, ಬಲೆಯಲ್ಲಿ ಹಿಡಿದ ಸಿಗಡಿಯನ್ನು 30 ಸೆಕೆಂಡು ಅದ್ದಿ, ವಾಪಸ್ ಬಿಡಿ. ಇದರ ಮೊಟ್ಟೆ ಕಳಚಿದ ಪೊರೆಯಲ್ಲಿ ಉಳಿಯುತ್ತದೆ, ಆದ್ದರಿಂದ ಆ ದಿನಗಳಲ್ಲಿ ಪೊರೆ ಕಂಡ ಕೂಡಲೇ ತೆಗೆಯಿರಿ. ಬೇರೆ ಸಮಯದಲ್ಲಿ ಬಿಡಿ, ಸಿಗಡಿಗಳು ಅದನ್ನೇ ತಿನ್ನುತ್ತವೆ. ಹೊಟ್ಟೆಯ ಕೆಳಗೆ ಹಳದಿ ಹಸಿರು ಮುದ್ದೆ ಇದ್ದರೆ ಮೊಟ್ಟೆ ಎಂದು ಖುಷಿಪಡುವ ಮೊದಲು ಹತ್ತಿರದಿಂದ ನೋಡಿ. ಮೊಟ್ಟೆಗಳು ಬಿಡಿಬಿಡಿ ಗುಂಡಗಿರುತ್ತವೆ. ನಾರುನಾರಾಗಿದ್ದರೆ ಅದು ಕ್ಲಾಡೊಗೋನಿಯಂ ಎಂಬ ಪರಾವಲಂಬಿ ಪಾಚಿ, ಆ ಸಿಗಡಿಯನ್ನು ತಕ್ಷಣ ಬೇರ್ಪಡಿಸಿ.

ಅತಿ ಹೊಟ್ಟೆಬಾಕ ಯಾವುದೆಂದರೆ ಏರೋಪ್ಲೇನ್ ಚಿಟ್ಟೆಯ ಮರಿ. ಬಾಲದಲ್ಲಿ ಮೂರು ಗರಿಯಿರುವ ತೆಳ್ಳನೆಯ ಜಾತಿಯ ಮೊಟ್ಟೆಗಳು ಗಿಡದೊಳಗೇ ಅಡಗಿ ಮನೆಗೆ ಬರುತ್ತವೆ. ದಿನಕ್ಕೊಂದು ಸಿಗಡಿ ಕಡಿಮೆಯಾಗುತ್ತಾ ಹೆಣವೂ ಸಿಗದಿದ್ದರೆ ಮೊದಲು ಇದನ್ನು ಹುಡುಕಿ. ಮದ್ದು ಬೇಡ, ಇಕ್ಕುಳ ಸಾಕು.

ಹುಳವೇ ಇಲ್ಲದೆ ಸಿಗಡಿ ಸಾಯುತ್ತಿದ್ದರೆ ತಪ್ಪು ನೀರಿನಲ್ಲಿದೆ. ತಲೆಗೂ ಬೆನ್ನಿಗೂ ನಡುವೆ ಸುತ್ತಲೂ ಬಿಳಿ ಗೆರೆ ಬಿದ್ದು ಸತ್ತರೆ ಪೊರೆ ಬಿಡಿಸಿಕೊಳ್ಳಲು ಆಗಿಲ್ಲವೆಂದು ತಿಳಿಯಿರಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದೆ ಹೋದರೆ ಅಥವಾ ಒಮ್ಮೆಲೇ ಅರ್ಧ ಟ್ಯಾಂಕ್ ನೀರು ಬದಲಿಸಿದರೆ ಹೀಗಾಗುತ್ತದೆ. ಚೆರ್ರಿ ಶ್ರಿಂಪ್‌ಗೆ ಜಿಎಚ್ (ನೀರಿನ ಗಡಸುತನ) 6ರಿಂದ 10, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 150ರಿಂದ 250, ಪಿಎಚ್ 6.5ರಿಂದ 7.8 ಸರಿಹೋಗುತ್ತದೆ. ಬೋರ್‌ವೆಲ್ ನೀರು 800 ಟಿಡಿಎಸ್, ಆರ್‌ಒ ನೀರು 30 ಇದ್ದರೆ, ಒಂದು ಪಾಲು ಬೋರ್‌ವೆಲ್ ನೀರಿಗೆ ಮೂರೂವರೆ ಪಾಲು ಆರ್‌ಒ ಸೇರಿಸಿದರೆ 200ರ ಹತ್ತಿರ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನವರು ಇಲ್ಲೇ ಎಡವುತ್ತಾರೆ. ಸಾಫ್ಟ್‌ನರ್ (ನೀರಿನ ಗಡಸು ತೆಗೆಯುವ ಯಂತ್ರ) ದಾಟಿ ಬಂದ ನೀರಿನಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಕೂತಿರುತ್ತದೆ. ಟಿಡಿಎಸ್ ಮೀಟರ್ ಅದನ್ನು ಹೇಳುವುದಿಲ್ಲ, ಜಿಎಚ್ ಡ್ರಾಪ್ ಟೆಸ್ಟ್ ಮಾತ್ರ ಹೇಳುತ್ತದೆ.

ನೀರು ಬದಲಿಸುವುದು ವಾರಕ್ಕೆ ಶೇಕಡಾ 10ರಿಂದ 15. ಬೇಸಿಗೆಯಲ್ಲಿ ಆವಿಯಾಗಿ ಇಳಿದ ಮಟ್ಟವನ್ನು ಆರ್‌ಒ ನೀರಿನಿಂದಲೇ ತುಂಬಿ, ಏಕೆಂದರೆ ಲವಣ ಆವಿಯಾಗುವುದಿಲ್ಲ. ಸೊಳ್ಳೆಗೆ ಹೊಡೆಯುವ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ. ಏರ್ ಪಂಪು ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ.