ಒಸಾಕಾದಲ್ಲಿ ಕೂತು ‘ಮೈಂಡ್ ಗೇಮ್’ ನೋಡಿದ್ದು

ನಾನಿರುವುದು ಒಸಾಕಾದಲ್ಲಿ. ಜಪಾನಿನ ಅನಿಮೇಷನ್ ಸಿನಿಮಾ ಅಂದ ಕೂಡಲೇ ಊರಿನವರು ಕೇಳುವುದು, ಮಕ್ಕಳಿಗೆ ಯಾವುದು ತೋರಿಸಬಹುದು ಅಂತ. ಇದು ಮಕ್ಕಳಿಗಲ್ಲ. ಅವರು ಮಲಗಿದ ಮೇಲೆ ನೀವು ನೋಡಿ.

2004ರಲ್ಲಿ ಬಂದ ‘ಮೈಂಡ್ ಗೇಮ್’ ನಿರ್ದೇಶಕ ಮಸಾಕಿ ಯುವಾಸ ಅವರ ಮೊದಲ ಪೂರ್ಣ ಸಿನಿಮಾ. ನಿಶಿ ಎಂಬ ಹುಡುಗನಿಗೆ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆಯುವ ಆಸೆ. ಚಿಕ್ಕಂದಿನಿಂದ ಇಷ್ಟಪಟ್ಟ ಮ್ಯೋನ್ ಮುಂದೆ ಬಾಯಿ ಬಿಡುವ ಧೈರ್ಯವಿಲ್ಲ. ಅವಳ ಮನೆಯವರ ಯಾಕಿತೋರಿ (ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ) ಅಂಗಡಿಗೆ ಯಾಕುಜಾ, ಅಂದರೆ ಜಪಾನಿನ ಮಾಫಿಯಾ, ಗೂಂಡಾಗಳು ನುಗ್ಗುತ್ತಾರೆ. ಹೆದರಿ ಮುದುಡಿ ಕೂತ ನಿಶಿ ಗುಂಡೇಟಿಗೆ ಸತ್ತೇ ಹೋಗುತ್ತಾನೆ.

ಅಸಲಿ ಸಿನಿಮಾ ಶುರುವಾಗುವುದು ಆಮೇಲೆ. ಅಲ್ಲಿ ದೇವರು ಸಿಗುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ರೂಪ ಬದಲು, ಮತ್ತೆ ಬದಲು. ಅವನು ಹೋಗು ಅಂದ ದಿಕ್ಕು ಬಿಟ್ಟು ನಿಶಿ ಉಲ್ಟಾ ಓಡುತ್ತಾನೆ, ಬದುಕಿಗೆ ವಾಪಸ್. ಆ ಓಟ ನೋಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇಡೀ ಸಿನಿಮಾ ಇರುವುದೇ ಬದುಕಬೇಕೆಂಬ ಆ ಹಸಿವಿನ ಬಗ್ಗೆ. ಮುಂದೆ ಒಂದು ತಿಮಿಂಗಿಲ ನಿಶಿ, ಮ್ಯೋನ್ ಮತ್ತು ಜೊತೆಗಿದ್ದವರನ್ನು ನುಂಗುತ್ತದೆ. ಅದರ ಹೊಟ್ಟೆಯಲ್ಲಿ 30 ವರ್ಷಕ್ಕೂ ಜಾಸ್ತಿ ಕಾಲದಿಂದ ಒಬ್ಬ ಮುದುಕ ಸಂಸಾರ ಹೂಡಿದ್ದಾನೆ!

ಚಿತ್ರ ಬಿಡಿಸಿದ ರೀತಿಯೂ ಒಂದೇ ಅಲ್ಲ. ಒರಟು ಗೆರೆ, ಚೆಲ್ಲಿದ ಹಾಗಿರುವ ಬಣ್ಣ, ಕಂಪ್ಯೂಟರ್ ಚಿತ್ರ, ನಡುವೆ ಧ್ವನಿ ಕೊಟ್ಟ ನಟರ ನಿಜವಾದ ಮುಖ. ಸುಮ್ನೆ ಗಿಮಿಕ್ ಅಲ್ಲ ಇದು. ಮನಸ್ಸು ಗಾಬರಿಯಾದರೆ ಗೆರೆಯೂ ಗಾಬರಿಯಾಗುತ್ತದೆ.

ಒಸಾಕಾದಲ್ಲಿ ಇದ್ದು ನೋಡಿದ್ದರಿಂದ ನನಗೆ ಇನ್ನೊಂದು ಖುಷಿ ಸಿಕ್ಕಿತು. ಪುಸ್ತಕದ ಜಪಾನಿ ಕಲಿತು ಇಲ್ಲಿಗೆ ಬಂದರೆ, ಮೈಸೂರಿನಿಂದ ಹೋಗಿ ಹುಬ್ಬಳ್ಳಿಯ ಸಂತೆಯಲ್ಲಿ ನಿಂತ ಹಾಗಾಗುತ್ತದೆ. ಇಲ್ಲಿನ ಮಾತು ಜೋರು, ಬಿಚ್ಚುಮನಸ್ಸಿನದು, ತಮಾಷೆ ಜಾಸ್ತಿ. ಸಿನಿಮಾದ ಪಾತ್ರಗಳು ಆಡುವುದು ಆ ಮಾತೇ. ನಿಶಿಗೆ ಧ್ವನಿ ಕೊಟ್ಟ ಕೋಜಿ ಇಮಾದ ಒಸಾಕಾದ ಹಾಸ್ಯಗಾರ. ದಯವಿಟ್ಟು ಮೂಲ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಮ್ಯೋನ್ ಮೇಲೆ ನಡೆಯುವ ಹಲ್ಲೆ ನೋಡಲು ಕಷ್ಟ. ಹೆಣ್ಣಿನ ಮೈ ತೋರಿಸುವ ರೀತಿಯೂ ಹಲವು ಕಡೆ ನನಗೆ ಹಿಡಿಸಲಿಲ್ಲ. ಆದರೂ ನೋಡಿ ಅನ್ನುತ್ತೇನೆ. ಆ ವರ್ಷದ ಜಪಾನ್ ಮೀಡಿಯಾ ಆರ್ಟ್ಸ್ ಫೆಸ್ಟಿವಲ್‌ನಲ್ಲಿ ಅನಿಮೇಷನ್ ವಿಭಾಗದ ದೊಡ್ಡ ಪ್ರಶಸ್ತಿ ಇದಕ್ಕೇ ಬಂತು.

ಶುರುವಿನಲ್ಲಿ ಸರಸರ ಓಡುವ ಚಿತ್ರಗಳನ್ನು ಗಮನವಿಟ್ಟು ನೋಡಿ, ಕೊನೆಯಲ್ಲಿ ಬೇಗ ಎದ್ದು ಹೋಗಬೇಡಿ. ಗೂಂಡಾನ ಬಾಲ್ಯ, ಮುದುಕನ ಹಿಂದಿನ ಕಥೆ ಎಲ್ಲ ಅಲ್ಲೇ ಇದೆ.